ಏರು ರಸ್ತೆಗೆ ಗೇರ್ ಸೈಕಲ್: ಕೊಳ್ಳುವ ಮುನ್ನ ಹಲ್ಲು ಎಣಿಸಿ

ಬೈರಮಂಗಲ: ಇಲ್ಲಿನ ಕೆರೆ ಏರಿ ಮೇಲೆ ಸಲೀಸಾಗಿ ಓಡುವ ರೋಡ್ ಸೈಕಲ್, ಸಾವನದುರ್ಗದ ಕಡೆಯ ದಿಬ್ಬಗಳಲ್ಲಿ ಅಥವಾ ನಂದಿಬೆಟ್ಟದಲ್ಲಿ ಏದುಸಿರು ಬರಿಸುತ್ತದೆ. ಎಷ್ಟೋ ಸಲ ತಪ್ಪು ಕಾಲಿನದ್ದಲ್ಲ, ಗೇರಿನದ್ದು.

ಲೆಕ್ಕ ಸುಲಭ. ಪೆಡಲ್ ಬಳಿಯ ಚಕ್ರದ ಹಲ್ಲುಗಳನ್ನು ಹಿಂದಿನ ಗೇರ್ ಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ 39, ಹಿಂದೆ 25 ಇದ್ದರೆ 1.56, ಪೆಡಲ್ ಒಂದು ಸುತ್ತಿಗೆ ಸೈಕಲ್ ಸುಮಾರು 3.3 ಮೀಟರ್ ಸಾಗುತ್ತದೆ. ಎರಡೂ ಕಡೆ 34 ಇದ್ದರೆ ಸಾಗುವುದು ಸುಮಾರು 2.1 ಮೀಟರ್ ಅಷ್ಟೇ. ವೇಗ ಕಡಿಮೆ, ಆದರೆ ಮಂಡಿಗೂ ಭಾರ ಕಡಿಮೆ.

ಏರು ಹತ್ತುವವರಿಗೆ ಮುಂದೆ 50-34ರ ‘ಕಾಂಪ್ಯಾಕ್ಟ್’, ಹಿಂದೆ 11-32 ಅಥವಾ 11-34ರ ಕ್ಯಾಸೆಟ್ ಒಳ್ಳೆಯದು. ಹಳೇ ಸೈಕಲ್ ಆದರೆ ಪೂರ್ತಿ ಸೆಟ್‌ಗೆ ದುಡ್ಡು ಸುರಿಯಬೇಡಿ. ಮೊದಲು ಕ್ಯಾಸೆಟ್ ಒಂದನ್ನೇ ಬದಲಿಸಿ ನೋಡಿ. ಆದರೆ ಹಿಂದಿನ ಡಿರೇಲರ್ ಎಷ್ಟು ಹಲ್ಲಿನವರೆಗೆ ತಾಳುತ್ತದೆ ಎಂದು ಅಂಗಡಿಯಲ್ಲಿ ಕೇಳಿಕೊಳ್ಳಿ. ಚೈನ್ ಗಿಡ್ಡವಾಗಿದ್ದು ಎರಡೂ ಕಡೆ ದೊಡ್ಡ ಚಕ್ರಕ್ಕೆ ಬಿದ್ದರೆ, ಬಿಗಿದು ಡಿರೇಲರ್ ಮುರಿಯಬಹುದು. ಅಂಗಡಿಯವರು ಕ್ಯಾಸೆಟ್ ಹಾಕುವಾಗಲೇ ಚೈನ್ ಉದ್ದವನ್ನೂ ಅಳೆದುಕೊಟ್ಟರೆ ಗಿರಾಕಿ ದಾರಿ ಮಧ್ಯೆ ಸೈಕಲ್ ತಳ್ಳುವುದು ತಪ್ಪುತ್ತದೆ.

ಇನ್ನೊಂದು ಮಾತು: ಏರು ಶುರುವಾಗುವ ಮೊದಲೇ ಗೇರ್ ಇಳಿಸಿ. ಬಲ ಹಾಕಿ ತುಳಿಯುತ್ತಾ ಬದಲಿಸಿದರೆ ಚೈನ್ ಕಳಚಿಕೊಳ್ಳುತ್ತದೆ.