ಆರಿದ ಡ್ಯಾಶ್‌ಬೋರ್ಡ್ ದೀಪ ಮತ್ತು ಮಿಸ್ತ್ರಿಯ ವಿದ್ಯೆ

ಹಳೆಯ ಅಂಬಾಸಿಡರ್ ಕಾರಿನ ಡ್ಯಾಶ್‌ಬೋರ್ಡ್ ದೀಪ ಆರಿಹೋದರೆ ಹೆಚ್ಚಿನ ಮಾಲಕರು ಮೊದಲು ಬಲ್ಬ್ ಬದಲಾಯಿಸುತ್ತಾರೆ. ನುರಿತ ಮಿಸ್ತ್ರಿ ಅದನ್ನು ಕೊನೆಗೆ ಮಾಡುತ್ತಾನೆ. ಅವನ ಈ ಕ್ರಮ ಯಾವ ಕಾಲೇಜಿನಿಂದಲೂ ಬಂದದ್ದಲ್ಲ. ಅದಕ್ಕೆ ಅದರದೇ ಆದ ಚರಿತ್ರೆಯಿದೆ.

ಆರಂಭದ ಕಾರುಗಳಲ್ಲಿ ವಿದ್ಯುತ್ ದೀಪವೇ ಇರಲಿಲ್ಲ. ಸೀಮೆಎಣ್ಣೆಯ ದೀಪ, ಇಲ್ಲವೇ ಕಾರ್ಬೈಡಿಗೆ ನೀರು ಹನಿಸಿ ಉರಿಸುವ ಅಸಿಟಿಲೀನ್ ದೀಪ. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಅದರೊಂದಿಗೆ ಇಂಜಿನ್ ಚಾಲೂ ಮಾಡುವುದು, ಕಿಡಿ, ದೀಪ ಎಲ್ಲವೂ ಒಂದೇ ವಿದ್ಯುತ್ ವ್ಯವಸ್ಥೆಗೆ ಒಳಪಟ್ಟವು. ಬ್ರಿಟನ್ನಿನಲ್ಲಿ ಈ ಕ್ಷೇತ್ರವನ್ನು ಆಳಿದ್ದು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪೆನಿ. ಅದರ ಸ್ಥಾಪಕ ಜೋಸೆಫ್ ಲ್ಯೂಕಸ್ ಸೀಮೆಎಣ್ಣೆ ಮಾರಿ, ಸೈಕಲ್ ದೀಪ ಮಾಡಿ ಮೇಲೆ ಬಂದವರು. ಹಳೆಯ ಕಾರುಪ್ರಿಯರು ಲ್ಯೂಕಸ್‌ರನ್ನು ‘ಕತ್ತಲೆಯ ರಾಜಕುಮಾರ’ ಎಂದು ಗೇಲಿ ಮಾಡುವುದುಂಟು. ಈ ಗೇಲಿಯಲ್ಲಿ ಅನ್ಯಾಯವೂ ಇದೆ. ನಲವತ್ತು ಮಳೆಗಾಲ ಕಂಡ ತಂತಿ ಯಾರದಾದರೂ ತುಕ್ಕು ಹಿಡಿಯದೆ ಇದ್ದೀತೇ?

ಆ ಬ್ರಿಟಿಷ್ ಕ್ರಮ ನಮ್ಮಲ್ಲಿಗೆ ಬಂದದ್ದು ಹಿಂದುಸ್ತಾನ್ ಮೋಟಾರ್ಸ್ ಮೂಲಕ. 1942ರಲ್ಲಿ ಸ್ಥಾಪನೆಯಾದ ಈ ಕಂಪೆನಿ ಗುಜರಾತಿನ ಓಖಾದಿಂದ ಬಂಗಾಳದ ಉತ್ತರಪಾರಾಕ್ಕೆ ಸ್ಥಳಾಂತರಗೊಂಡು, 1950ರ ದಶಕದ ಕೊನೆಯಲ್ಲಿ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಮಾದರಿಯಲ್ಲಿ ಅಂಬಾಸಿಡರನ್ನು ತಯಾರಿಸಿತು. ಬ್ರಿಟಿಷ್ ಕಾರುಗಳಲ್ಲಿ ತಂತಿಯ ಬಣ್ಣವೇ ಅದರ ಭಾಷೆ. ಕಂದು ಬ್ಯಾಟರಿಯಿಂದ ಬರುವುದು, ಬಿಳಿ ಇಗ್ನಿಶನ್‌ನದು, ಕೆಂಪು ಪಾರ್ಕಿಂಗ್ ದೀಪದ್ದು, ಕೆಂಪಿನ ಮೇಲೆ ಬಿಳಿ ಗೆರೆಯದ್ದು ಡ್ಯಾಶ್‌ಬೋರ್ಡ್ ದೀಪದ್ದು, ಕಪ್ಪು ಅರ್ಥ್. ಅಕ್ಷರ ಓದಲಾರದ ಹುಡುಗನೂ ಈ ಬಣ್ಣಗಳನ್ನು ಓದಬಲ್ಲ. ಆದರೆ ನಾಲ್ಕು ಕೈ ದಾಟಿದ ಕಾರಿನಲ್ಲಿ ಸಿಕ್ಕಿದ ತಂತಿಯನ್ನು ಸಿಕ್ಕಲ್ಲಿ ಜೋಡಿಸಿರುತ್ತಾರೆ. ಅಲ್ಲಿ ನಕ್ಷೆ ಸೋಲುತ್ತದೆ, ಮಿಸ್ತ್ರಿಯ ಕೆಲಸ ಶುರುವಾಗುತ್ತದೆ.

ಅವನ ಮೊದಲ ಪ್ರಶ್ನೆ: ಒಂದು ದೀಪ ಆರಿದೆಯೋ, ಎಲ್ಲವೂ ಆರಿವೆಯೋ? ಒಂದೇ ಆದರೆ ಬಲ್ಬನ್ನು ಸಂಶಯಿಸಬಹುದು. ಎಲ್ಲವೂ ಒಟ್ಟಿಗೆ ಆರಿದ್ದರೆ ಬಲ್ಬುಗಳೆಲ್ಲ ಒಂದೇ ರಾತ್ರಿ ಸತ್ತವೆಂದು ನಂಬುವುದು ಕಷ್ಟ. ಆಗ ಅವನು ಕಾರಿನ ಹಿಂದಕ್ಕೆ ಹೋಗಿ ಪಾರ್ಕಿಂಗ್ ದೀಪ ಉರಿಯುತ್ತಿದೆಯೇ ಎಂದು ನೋಡುತ್ತಾನೆ, ಯಾಕೆಂದರೆ ಡ್ಯಾಶ್‌ಬೋರ್ಡ್ ದೀಪಕ್ಕೆ ವಿದ್ಯುತ್ ಸಿಗುವುದು ಅದೇ ದಾರಿಯಿಂದ. ಅದೂ ಆರಿದ್ದರೆ ದೋಷ ಫ್ಯೂಸಿನಲ್ಲಿ ಅಥವಾ ಮುಖ್ಯ ಸ್ವಿಚ್ಚಿನಲ್ಲಿ. ಅದು ಉರಿಯುತ್ತಿದ್ದರೆ ಡ್ಯಾಶ್‌ಬೋರ್ಡ್ ದೀಪದ ಸ್ವಿಚ್ಚನ್ನು ನೋಡಬೇಕು. ಬೆಳಕು ಹೆಚ್ಚುಕಡಿಮೆ ಮಾಡುವ ತಿರುಗುಣಿ ಇರುವ ಕಾರುಗಳಲ್ಲಿ, ವರ್ಷಗಟ್ಟಲೆ ಮುಟ್ಟದ ಆ ತಿರುಗುಣಿಯನ್ನು ಹತ್ತು ಸಲ ಅತ್ತಿತ್ತ ತಿರುಗಿಸಿದರೆ ದೀಪ ಮರಳಿ ಬರುವುದುಂಟು.

ಬಲ್ಬಿನ ತನಕ ವಿದ್ಯುತ್ ಬಂದಿದ್ದೂ ಉರಿಯದಿದ್ದರೆ? ಮಾಲಕನಿಗೆ ಹೊಳೆಯದ ವಿಷಯ ಇಲ್ಲಿದೆ. ಬಲ್ಬಿಗೆ ಬರುವುದು ಒಂದೇ ತಂತಿ. ವಿದ್ಯುತ್ ಮರಳುವುದು ಕಾರಿನ ಕಬ್ಬಿಣದ ಮೈ ಮೂಲಕ. ಬಲ್ಬಿನ ಹೋಲ್ಡರ್ ಮತ್ತು ಮೀಟರಿನ ಲೋಹದ ನಡುವೆ ತುಕ್ಕು ಬಂದರೆ ಆ ದಾರಿ ಮುಚ್ಚುತ್ತದೆ. ಕಾರಿಗೆ ಹೊಸ ಬಣ್ಣ ಬಳಿಸಿದ ಮರುದಿನ ದೀಪ ಆರುವುದೂ ಇದಕ್ಕೇ. ಬಣ್ಣದ ಮೂಲಕ ವಿದ್ಯುತ್ ಹರಿಯದು. ಮಿಸ್ತ್ರಿ ಒಂದು ತುಂಡು ತಂತಿಯನ್ನು ಹೋಲ್ಡರಿನಿಂದ ಬರಿಯ ಕಬ್ಬಿಣಕ್ಕೆ ಮುಟ್ಟಿಸುತ್ತಾನೆ. ದೀಪ ಹೊತ್ತಿದರೆ ಪತ್ತೆ ಮುಗಿಯಿತು. ಉಳಿದದ್ದು ಬ್ಯಾಟರಿಯ ಕೊಂಡಿ ಕಳಚಿ ಮರಳು ಕಾಗದದಿಂದ ಉಜ್ಜುವ ಕೆಲಸ. ಆ ಪುಟ್ಟ ಬಲ್ಬ್ ಕೇವಲ 2.2 ವ್ಯಾಟಿನದು, ಎಳೆಯುವುದು ಒಂದು ಆಂಪಿಯರಿನ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಅದಕ್ಕಾಗಿ ಫ್ಯೂಸಿಗೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ, ತಂತಿಯ ಕಟ್ಟನ್ನೇ ಸುಟ್ಟುಕೊಳ್ಳುವವರ ಬುದ್ಧಿಗೆ ಏನು ಹೇಳೋಣ!

ಇಗ್ನಿಶನ್ನಿನ ಕೆಂಪು ದೀಪದ ಕಥೆ ಬೇರೆ. ಅದರ ಒಂದು ತುದಿ ಬ್ಯಾಟರಿಯ ಕಡೆಗೆ, ಇನ್ನೊಂದು ಡೈನಮೋ ಕಡೆಗೆ. ಡೈನಮೋ ಬ್ಯಾಟರಿಗೆ ಸಮನಾದಾಗ ಎರಡೂ ತುದಿಗಳಲ್ಲಿ ಒತ್ತಡ ಒಂದೇ ಆಗಿ ದೀಪ ತಾನಾಗಿ ಆರುತ್ತದೆ. ಅಂದರೆ ಓಡುವ ಕಾರಿನಲ್ಲಿ ಅದು ಆರಿರುವುದೇ ಕ್ಷೇಮದ ಲಕ್ಷಣ. ಕೀಲಿ ತಿರುಗಿಸಿದ ಕೂಡಲೇ ಅದು ಹೊತ್ತದಿದ್ದರೆ ಮಾತ್ರ ಚಿಂತಿಸಬೇಕು.

ಇದನ್ನೆಲ್ಲ ಬಲ್ಲವರು ಯಾರು? ‘ಮಿಸ್ತ್ರಿ’ ಪೋರ್ಚುಗೀಸರಿಂದ ಬಂದ ಪದ, ‘ಉಸ್ತಾದ್’ ಫಾರಸಿಯಿಂದ ಬಂದದ್ದು. ಎರಡರಲ್ಲೂ ಗುರು ಎಂಬ ಅರ್ಥ ಅಡಗಿದೆ. ಬೆಂಗಳೂರಿನ ಶಿವಾಜಿನಗರದ ಗಲ್ಲಿಗಳಿಂದ ಕರಾವಳಿಯ ಪೇಟೆಗಳ ತನಕ ಈ ಗುರುಗಳಲ್ಲಿ ಅನೇಕರು ಮುಸ್ಲಿಮರು. ಮುಸ್ಲಿಮರ ಪಾಲು ಗಣನೀಯವಾಗಿರುವ ಕಸುಬುಗಳಲ್ಲಿ ವಾಹನ ದುರಸ್ತಿಯನ್ನೂ 2006ರ ಸಾಚಾರ್ ಸಮಿತಿಯ ವರದಿ ಗುರುತಿಸಿದೆ. ಅದೇ ವರದಿ ಶಾಲೆ ಬಿಡುವ ನಮ್ಮ ಮಕ್ಕಳ ಬಗ್ಗೆಯೂ ಹೇಳಿತು. ಇವೆರಡನ್ನು ಒಟ್ಟಿಗೆ ಓದಿದವರು ಕಡಿಮೆ. ಶಾಲೆ ಬಿಟ್ಟ ಹುಡುಗ ಗ್ಯಾರೇಜಿನಲ್ಲಿ ಹತ್ತು ವರ್ಷ ಕಲಿತದ್ದನ್ನು ನಾವು ‘ಕೂಲಿ’ ಎಂದು ಕರೆದೆವು, ವಿದ್ಯೆ ಎಂದು ಲೆಕ್ಕ ಹಿಡಿಯಲಿಲ್ಲ. ಹಾಗೆಂದು ಶಾಲೆ ಬಿಡಿಸಿದ್ದು ಸರಿಯೆಂದಲ್ಲ. ಅವನು ಎರಡೂ ಕಡೆ ನಷ್ಟಕ್ಕೊಳಗಾದ: ಅಕ್ಷರ ಸಿಗಲಿಲ್ಲ, ಸಿಕ್ಕಿದ ವಿದ್ಯೆಗೆ ಕಾಗದ ಸಿಗಲಿಲ್ಲ.

ಅಂಬಾಸಿಡರ್ ತಯಾರಿ 2014ರ ಮೇ ತಿಂಗಳಲ್ಲಿ ನಿಂತಿತು. 2017ರಲ್ಲಿ ಆ ಹೆಸರು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪ್ಯೂಜೊ ಕಂಪೆನಿಯ ಪಾಲಾಯಿತು. ಅದನ್ನು ಅರ್ಧ ಶತಮಾನ ಓಡಿಸಿಟ್ಟ ಕೈಗಳ ವಿದ್ಯೆಗೆ ಯಾರೂ ಬೆಲೆ ಕಟ್ಟಲಿಲ್ಲ. ಕೇಂದ್ರ ಸರಕಾರ 2015ರಲ್ಲಿ ಆರಂಭಿಸಿದ ಕೌಶಲ ಯೋಜನೆಯಲ್ಲಿ, ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ಸೇರಿಸಲಾಯಿತು. ವಿದ್ಯಾರ್ಥಿವೇತನದ ಅರ್ಜಿಗಳನ್ನು ಮನೆಮನೆಗೆ ಕೊಂಡೊಯ್ಯುವ ನಮ್ಮ ಜಮಾಅತ್‌ಗಳು, ಯುವಕ ಸಂಘಗಳು ಇಂತಹ ಅರ್ಜಿಗಳನ್ನು ಗ್ಯಾರೇಜುಗಳಿಗೂ ಕೊಂಡೊಯ್ಯಬಹುದು, ಉಸ್ತಾದರು ಬಿಡುವಾಗಿರುವ ಶುಕ್ರವಾರ ಮಧ್ಯಾಹ್ನ.