ಬಂಡಿಕಾರನ ಹಾಡು, ಭಾಗವತನ ಮಟ್ಟು

ಹುಬ್ಬಳ್ಳಿ-ಧಾರವಾಡ ಸೀಮೆಯು ಹಿಂದುಸ್ತಾನಿ ಸಂಗೀತದ ತವರಾದುದು ಹೇಗೆ ಎಂಬ ಪ್ರಶ್ನೆಗೆ ರೂಢಿಯ ಉತ್ತರವೊಂದಿದೆ: ಅಬ್ದುಲ್ ಕರೀಂ ಖಾನರಂತಹ ಉಸ್ತಾದರು ಮೈಸೂರಿನ ಅರಮನೆಗೆ ಹೋಗಿಬರುವಾಗ ಇಲ್ಲಿ ತಂಗಿದರು, ಶಿಷ್ಯರನ್ನು ಸಿದ್ಧಗೊಳಿಸಿದರು. ಈ ಉತ್ತರ ಸುಳ್ಳಲ್ಲ, ಆದರೆ ಅಪೂರ್ಣ. ಬೀಜ ಬಿತ್ತಿದವರನ್ನು ಅದು ನೆನೆಯುತ್ತದೆ. ನೆಲವನ್ನು ಹದಗೊಳಿಸಿದವರನ್ನು ಮರೆಯುತ್ತದೆ. ಆ ಹದವನ್ನು ತಂದುದರಲ್ಲಿ ಸಂಗೀತನಾಟಕದ ಪಾಲು ದೊಡ್ಡದು. ಸಂಗೀತನಾಟಕದ ಬೇರು ಬಯಲಾಟದಲ್ಲಿದೆ. ಇದನ್ನು ಮನಗಾಣಲು ರಷ್ಯಾದ ಸಂಗೀತನಾಟಕದ, ಎಂದರೆ ಒಪೆರಾದ, ಚರಿತ್ರೆ ನೆರವಾಗುತ್ತದೆ.

ರಷ್ಯಾದ ರಾಜಾಸ್ಥಾನದಲ್ಲಿ ಇಟಲಿಯ ಒಪೆರಾಕ್ಕೆ ಹಿರಿಯ ಮನ್ನಣೆಯಿತ್ತು. 1836ರಲ್ಲಿ ಮಿಖಾಯಿಲ್ ಗ್ಲಿಂಕಾ ‘ತ್ಸಾರನಿಗಾಗಿ ಪ್ರಾಣ’ ಎಂಬ ಒಪೆರಾವನ್ನು ಪೀಟರ್ಸ್‌ಬರ್ಗಿನಲ್ಲಿ ರಂಗಕ್ಕೆ ತಂದನು. ಅದರ ನಾಯಕ ಇವಾನ್ ಸುಸಾನಿನ್ ಒಬ್ಬ ರೈತ. ಅವನ ಗಾಯನದಲ್ಲಿ ಬಂಡಿಕಾರನೊಬ್ಬನಿಂದ ಕೇಳಿದ ಹಾಡಿನ ಧಾಟಿಯೂ ಸೇರಿತ್ತು. ಇದು ಬಂಡಿಕಾರರ ಸಂಗೀತವೆಂದು ಕೆಲವು ಶ್ರೀಮಂತರು ಮೂಗು ಮುರಿದರು. ಮುಂದಿನ ಪೀಳಿಗೆಯಾದರೋ ಆ ದಾರಿಯನ್ನೇ ಹಿಡಿಯಿತು. ಬಲಾಕಿರೆವ್ ವೋಲ್ಗಾ ನದಿಯ ದಡದಲ್ಲಿ ಸಂಚರಿಸಿ ಹಾಡುಗಳನ್ನು ಬರೆದುಕೊಂಡನು. 1866ರಲ್ಲಿ 40 ಹಾಡುಗಳನ್ನು ಸ್ವರಲಿಪಿಸಹಿತ ಪ್ರಕಟಿಸಿದನು. 1874ರಲ್ಲಿ ರಂಗವೇರಿದ ಮುಸೋರ್ಗ್‌ಸ್ಕಿಯ ‘ಬೊರಿಸ್ ಗೊಡುನೊವ್’ನಲ್ಲಿ ಪಟ್ಟಾಭಿಷೇಕದ ಮೇಳಗಾನವು ಹಳೆಯ ಜನಪದ ಗೀತೆಯೊಂದರ ಮೇಲೆ ನಿಂತಿದೆ.

ಇದೇ ಶತಮಾನದಲ್ಲಿ ನಮ್ಮಲ್ಲಿಯೂ ಇಂತಹುದೇ ಒಂದು ಪಯಣ ನಡೆಯಿತು. 1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಭಾಗವತ ಮೇಳವು ಸಾಂಗಲಿಯ ಅರಸ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟವಾಡಿತು. ಅದನ್ನು ಮೆಚ್ಚಿದ ಅರಸರು ಮರಾಠಿಯಲ್ಲಿಯೂ ಇಂತಹ ಆಟವನ್ನು ರಚಿಸುವಂತೆ ವಿಷ್ಣುದಾಸ ಭಾವೆಯವರಿಗೆ ಸೂಚಿಸಿದರು. 1843ರ ‘ಸೀತಾಸ್ವಯಂವರ’ ಹುಟ್ಟಿದ್ದು ಹೀಗೆ. ಅದರಲ್ಲಿ ಹಾಡುವವನು ಸೂತ್ರಧಾರ, ಮಾತನಾಡುವವರು ಪಾತ್ರಧಾರಿಗಳು. ಈ ಕಟ್ಟು ನಮ್ಮ ಭಾಗವತನದೇ. ಮುಂದೆ 1880ರಲ್ಲಿ ‘ಸಂಗೀತ ಶಾಕುಂತಲ’ವನ್ನೂ 1882ರಲ್ಲಿ ‘ಸೌಭದ್ರ’ವನ್ನೂ ರಂಗಕ್ಕೆ ತಂದು, ಪಾತ್ರಧಾರಿಗಳೇ ಹಾಡುವಂತೆ ಮಾಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. ಸಾಕಿ, ದಿಂಡಿ, ಲಾವಣಿಗಳೊಡನೆ ಕನ್ನಡದ ಧಾಟಿಗಳೂ ಅವರ ಪದಗಳಲ್ಲಿ ಬೆರೆತವು.

ಕನ್ನಡ ನಾಡಿನಿಂದ ಹೋದದ್ದು ಮರಾಠಿಯ ಉಡುಗೆ ತೊಟ್ಟು ಮರಳಿ ಬಂದಿತು. ಮರಾಠಿ ಕಂಪನಿಗಳು ನಮ್ಮೂರುಗಳಲ್ಲಿ ಮೆರೆಯುತ್ತಿದ್ದುದನ್ನು ಕಂಡು ಗದುಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಗಳನ್ನು ಬರೆದು ಮಂಡಳಿ ಕಟ್ಟಿದರು. ಗರುಡ ಸದಾಶಿವರಾಯರು, ವಾಮನರಾವ್ ಮಾಸ್ತರರು ಮೊದಲಾದವರ ಕಂಪನಿಗಳು ಆ ಪರಂಪರೆಯನ್ನು ಬೆಳೆಸಿದವು.

ಈ ಕಂಪನಿಗಳು ಕೇವಲ ನಟರನ್ನಲ್ಲ, ಗಾಯಕರನ್ನೂ ರೂಪಿಸಿದವು. ಕುಂದಗೋಳದ ಸವಾಯಿ ಗಂಧರ್ವರು ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳಿಂದ ಕೀರ್ತಿ ಪಡೆದರು. ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿಯೇ ವಾಮನರಾವ್ ಮಾಸ್ತರರ ಕಂಪನಿ ಸೇರಿದರು. ನಾಟಕದಲ್ಲಿ ಆ ಹುಡುಗನ ಕಂಠವನ್ನು ಕೇಳಿಯೇ ಮಿರಜದ ನೀಲಕಂಠಬುವಾ ಅವರು ಶಿಷ್ಯನನ್ನಾಗಿ ಸ್ವೀಕರಿಸಿದರು. ಮೈಕಿಲ್ಲದ ಕಾಲದಲ್ಲಿ ಕೊನೆಯ ಸಾಲಿನ ಒಕ್ಕಲಿಗನಿಗೂ ಮುಟ್ಟುವಂತೆ, ಮಾತಿನ ಭಾವ ಕೆಡದಂತೆ ಹಾಡಬೇಕಾದ ಶಿಸ್ತನ್ನು ರಂಗವೇ ಕಲಿಸುತ್ತಿತ್ತು.

ಇಷ್ಟರಮಟ್ಟಿಗೆ ಎರಡು ಚರಿತ್ರೆಗಳು ಹೋಲುತ್ತವೆ. ಬೇರೆಯಾಗುವುದು ಋಣಸ್ಮರಣೆಯಲ್ಲಿ. ರಷ್ಯಾದ ಸಂಗೀತಗಾರರು ಹಳ್ಳಿಯ ಹಾಡನ್ನು ಸ್ವರದಲ್ಲಿ ಬರೆದಿಟ್ಟರು. ಆದ್ದರಿಂದ ಯಾವ ಒಪೆರಾದ ಯಾವ ಮೇಳಗಾನ ಯಾವ ಹಾಡಿನಿಂದ ಬಂದಿತೆಂದು ಇಂದಿಗೂ ತೋರಿಸಬಹುದು. ನಮ್ಮ ನಾಟಕದ ಹಾಡಿನ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ರಾಗ, ತಾಳ, ಇಲ್ಲವೇ ಇಂತಹ ಹಾಡಿನ ಧಾಟಿ ಎಂಬ ಸೂಚನೆ ಮಾತ್ರ ಇರುತ್ತಿತ್ತು. ಆ ಹಾಡು ಎಲ್ಲರ ಬಾಯಲ್ಲಿದ್ದಾಗ ಅಷ್ಟೇ ಸಾಕಾಗಿತ್ತು. ಬಾಯಿಗಳು ಮೌನವಾದ ಮೇಲೆ ಉಳಿಯುವುದು ಹೆಸರು, ಮಟ್ಟು ಉಳಿಯುವುದಿಲ್ಲ.

ಬೆಳಗಾವಿ, ಬಾಗಲಕೋಟೆಗಳ ಸೀಮೆಯಲ್ಲಿ ‘ಶ್ರೀಕೃಷ್ಣ ಪಾರಿಜಾತ’ವನ್ನೂ ‘ಸಂಗ್ಯಾ-ಬಾಳ್ಯಾ’ದಂತಹ ಸಣ್ಣಾಟಗಳನ್ನೂ ಹಾಡುವ ಕಲಾವಿದರು ಇನ್ನೂ ಇದ್ದಾರೆ. ಅವರ ಮಟ್ಟುಗಳನ್ನು ರಂಗಗೀತೆಗಳ ಪಕ್ಕದಲ್ಲಿಟ್ಟು, ಸ್ವರಲಿಪಿಯಲ್ಲಿ ಇಳಿಸಿ ನೋಡುವ ಕಾರ್ಯ ಕೇವಲ ಜಾನಪದ ಅಭಿಮಾನದ್ದಲ್ಲ; ಅದು ಧಾರವಾಡದ ಸಂಗೀತ ಚರಿತ್ರೆಯ ಮೊದಲ ಅಧ್ಯಾಯವನ್ನು ಬರೆಯುವ ಕಾರ್ಯ. ಅದಿಲ್ಲದೆ ನಮ್ಮ ಚರಿತ್ರೆ ಎರಡನೆಯ ಅಧ್ಯಾಯದಿಂದಲೇ ಆರಂಭವಾಗುತ್ತದೆ.