ತಳ್ಳುವ ಕೈ ಯಾರದೊ ಧಣಿ ಅವನೆ

ಮಂಗಳೂರಿನ ಬೀಡಿ ಬ್ರಾಂಚಿನ ಮುಂದೆ ನಿಂತವರಿಗೆ ಇದು ಗೊತ್ತು. ಹೆಂಗಸರು ಎಲೆ, ಹೊಗೆಸೊಪ್ಪು, ನೂಲು ಒಯ್ಯುತ್ತಾರೆ. ಮನೆಯಲ್ಲಿ ತಡ್ಪೆಯನ್ನು ತೊಡೆಯ ಮೇಲಿಟ್ಟು ಬೀಡಿ ಕಟ್ಟುತ್ತಾರೆ. ಮರಳಿ ತಂದಾಗ ಒಬ್ಬ ಕೂತು ಆರಿಸುತ್ತಾನೆ. ಇದು ಸಪೂರ, ಅದು ಸಡಿಲ ಅಂತ ಬದಿಗೆ ತಳ್ಳುತ್ತಾನೆ. ತಳ್ಳಿದ್ದಕ್ಕೆ ಕೂಲಿ ಖೋತಾ. ಬಿಲ್ಲವರು, ಬ್ಯಾರಿಗಳು, ದಲಿತರು, ಜಾತಿ ಬೇರೆ, ಮತ ಬೇರೆ. ಆ ಕೈಯ ಮುಂದೆ ಮಾತ್ರ ಎಲ್ಲರದೂ ಒಂದೇ ಸಾಲು.

ಧಣಿಗಳು ಏನನ್ನುತ್ತಿದ್ದರು? ಇವರು ನಮ್ಮ ಕೆಲಸಗಾರರೇ ಅಲ್ಲ, ಮನೆಯಲ್ಲಿ ಪುರುಸೊತ್ತಿನಲ್ಲಿ ಕಟ್ಟುವವರು. ಕೇಳುವುದಿದ್ದರೆ ಗುತ್ತಿಗೆದಾರನನ್ನು ಕೇಳಿ.

1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ ಬಂತು. ಮನೆಯಲ್ಲಿ ಕಟ್ಟುವವಳನ್ನೂ ಅದು ಕಾರ್ಮಿಕಳು ಅಂತ ಲೆಕ್ಕಕ್ಕೆ ತಂದಿತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲಿ ನಮ್ಮೂರ ಹೆಸರೇ ಇದೆ: ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮತ್ತು ಭಾರತ ಸರ್ಕಾರ. 1974ರಲ್ಲಿ ಕೋರ್ಟು ಕಾಯಿದೆ ಸಿಂಧು ಅಂದಿತು. ಗುತ್ತಿಗೆದಾರನನ್ನು ನಡುವೆ ನಿಲ್ಲಿಸಿಕೊಂಡು ಮಾಲೀಕ ಹೊಣೆ ತಪ್ಪಿಸಿಕೊಳ್ಳುವಂತಿಲ್ಲ ಎಂದಾಯಿತು. ಕಳಪೆ ಅಂತ ತಳ್ಳುವುದು ಸಾಮಾನ್ಯವಾಗಿ ನೂರಕ್ಕೆ 5 ಮೀರಬಾರದು ಎಂಬ ನಿಯಮವೂ ಉಳಿಯಿತು.

1977ರಲ್ಲಿ ಬೀಡಿ ಕೆಲಸಕ್ಕೂ ಭವಿಷ್ಯನಿಧಿ ಬಂತು. ಮಾಲೀಕರು ಮತ್ತೆ ಕೋರ್ಟು ಹತ್ತಿದರು. 1985ರಲ್ಲಿ ಪಿ.ಎಂ. ಪಟೇಲ್ ಮೊಕದ್ದಮೆಯ ತೀರ್ಪು ಬಂತು. ಅದರ ಸಾರ ಇಷ್ಟೆ: ಕೆಲಸದ ಸಾಮಾನು ಕೊಡುವವನು, ಮಾಡಿದ್ದನ್ನು ತಳ್ಳುವ ಹಕ್ಕು ಇಟ್ಟುಕೊಂಡವನು ಕೆಲಸದ ಮೇಲೆ ಹತೋಟಿ ಉಳ್ಳವನೆ. ಆದ್ದರಿಂದ ಅವನು ಮಾಲೀಕ, ಮನೆಯಲ್ಲಿ ಕಟ್ಟುವವಳು ನೌಕರಳು. ನಮ್ಮ ಹೆಂಗಸರಿಗೆ ಅವಮಾನವಾಗಿದ್ದ ಆ ಕೈಯೇ ಅವರ ಹಕ್ಕಿಗೆ ಸಾಕ್ಷಿಯಾಯಿತು.

ಈ ಹಳೆಯ ಕಥೆ ಈಗ ಯಾಕೆ? ಆ ಬೀಡಿಯ ಕಾಸಿನಲ್ಲಿ ಓದಿದ ಮಕ್ಕಳು ಇಂದು ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಎಲ್ಲರ ಬಾಯಲ್ಲೂ ಕೃತಕ ಬುದ್ಧಿಮತ್ತೆಯ ಮಾತು. ಯಂತ್ರ ತಾನಾಗಿ ಕಲಿತದ್ದಲ್ಲ ಗೆಳೆಯರೆ. ಇದು ನಾಯಿ, ಇದು ರಸ್ತೆ, ಈ ಮಾತು ಕೆಟ್ಟದ್ದು ಅಂತ ಮನುಷ್ಯರು ಗುರುತು ಹಾಕಿ ಕಲಿಸಿದ್ದು. 2009ರಲ್ಲಿ ಹೊರಬಂದ ಇಮೇಜ್‌ನೆಟ್ ಎಂಬ ಚಿತ್ರಭಂಡಾರಕ್ಕೆ 167 ದೇಶಗಳ ಸುಮಾರು 49,000 ಜನ ದುಡಿದಿದ್ದಾರೆ. ಅವರಿಗೆ ಕೆಲಸ ಹಂಚಿದ್ದು ಅಮೆಜಾನ್ 2005ರಲ್ಲಿ ತೆರೆದ ಮೆಕ್ಯಾನಿಕಲ್ ಟರ್ಕ್. ಅಲ್ಲಿ ಮನೆಯೇ ಕಾರ್ಖಾನೆ, ಕೂಲಿ ಬಿಡಿ ಲೆಕ್ಕದಲ್ಲಿ. ಕೆಲಸ ಕೊಟ್ಟವನು ತಳ್ಳಿದರೆ ಕಾಸಿಲ್ಲ. ಎಲ್ಲಾ ಬೀಡಿಯದೇ ಅಚ್ಚು. ನೂರಕ್ಕೆ 5ರ ಮಿತಿ ಮಾತ್ರ ಇಲ್ಲ!

ಚಾಟ್‌ಜಿಪಿಟಿಯ ಬಾಯಿ ಶುದ್ಧವಾಗಿರಲೆಂದು ಕೀನ್ಯಾದ ಕೆಲಸಗಾರರು ಕೊಲೆ, ಅತ್ಯಾಚಾರದ ಬರಹಗಳನ್ನು ಓದಿ ಓದಿ ಗುರುತು ಹಾಕಿದರು. ಕೂಲಿ ಗಂಟೆಗೆ 2 ಡಾಲರಿಗಿಂತ ಕಡಿಮೆ ಎಂದು 2023ರ ಜನವರಿಯಲ್ಲಿ ಟೈಮ್ ಪತ್ರಿಕೆ ಬರೆಯಿತು. ಊರು ಶುದ್ಧವಾಗಿರಲು ಹೊಲಸು ಹೊತ್ತವರು ಯಾರು ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಬೆಂಗಳೂರಿನ ಕಾರ್ಯ ಎಂಬ ಸಂಸ್ಥೆ ಕನ್ನಡ ಓದಿಸಿ ದನಿ ಮುದ್ರಿಸುವ ಕೆಲಸಕ್ಕೆ ಹಳ್ಳಿಯವರಿಗೆ ಗಂಟೆಗೆ ಸುಮಾರು 5 ಡಾಲರ್ ಕೊಡುತ್ತಿರುವುದನ್ನೂ ಅದೇ ಪತ್ರಿಕೆ ಅದೇ ವರ್ಷ ಬರೆಯಿತು. ಕೊಡಲು ಆಗುತ್ತದೆ ಅನ್ನುವುದು ಇದರಿಂದ ಗೊತ್ತಾಯಿತು. ಆದರೆ ಕೊಡುವವನು ಒಳ್ಳೆಯವನಾದರೆ ಮಾತ್ರ ಸಿಗುವಂಥದ್ದು ಹಕ್ಕಲ್ಲ.

1966ರ ಕಾಯಿದೆ ಈಗಿಲ್ಲ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಯೊಳಗೆ ಕರಗಿತು. ಅದರ ಪಾಠ ಕರಗಬಾರದು. ಫೋನಿನಲ್ಲಿ ಇಂಥ ಕೆಲಸ ಹಿಡಿದ ಹುಡುಗ ಹುಡುಗಿಯರಿಗೆ ಮೇಷ್ಟ್ರುಗಳು ಮೂರು ಪ್ರಶ್ನೆ ಕಲಿಸಲಿ. ಕೆಲಸ ಕೊಟ್ಟವರು ಯಾರು? ತಳ್ಳುವವರು ಯಾರು? ತಳ್ಳಿದ್ದಕ್ಕೆ ಕಾರಣ ಬರೆದು ಕೊಡುತ್ತಾರೆಯೆ? ಬೀಡಿ ಕಟ್ಟಿದ ಅಮ್ಮಂದಿರು ಕೇಳಿದ್ದೂ ಇದನ್ನೆ. ಉತ್ತರ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಅವರ ಮಕ್ಕಳು ಮೊದಲಿನಿಂದ ಶುರುಮಾಡಬೇಕಾಗಿಲ್ಲ.